ಹೊಟ್ಟಿನ ರಾಶಿಯ ಮೇಲಿನ ಹುಲ್ಲು

ಮಾನ್ವಿ
೧೨ ಜನವರಿ ೨೦೨೫

ಪ್ರೀತಿಯ ಚನ್ನವೀರಣ್ಣನಿಗೆ ನಿನ್ನ ತಂಗಿಯ ನಮಸ್ಕಾರ.

ಆರೋಗ್ಯವೇ? ಕ್ರೇನಿನಲ್ಲಿ ಕೂತು ಕೂತು ಬಂದ ಸೊಂಟನೋವು ಹೇಗಿದೆ? ಅವ್ವ ಕಳಿಸಿದ ಎಣ್ಣೆ ಹಚ್ಚುತ್ತೀಯೋ, ಇಲ್ಲಾ ವಿಶಾಖಪಟ್ಟಣದ ಬಂದರಿನಲ್ಲಿ ಅದನ್ನೂ ಹಡಗಿಗೆ ಹಾಕಿಬಿಟ್ಟೆಯೋ? ತಿಂಗಳ ಕೊನೆಗೆ ಕೆಲಸ ಬಿಟ್ಟು ಬಂದು, ಅಪ್ಪನ ಜೊತೆ ಕಲ್ಲೂರಿನ ನಮ್ಮ ಅಕ್ಕಿ ಗಿರಣಿ ನಡೆಸುತ್ತೇನೆ ಎಂದಿದ್ದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನನಗೆ ಬಾಯಿ ಬರುವುದಿಲ್ಲ.

ಮೊದಲು ನನ್ನ ಸರ್ವೆಯ ಸುದ್ದಿ. ಈ ಕಡೆ ಬಂಡವಾಳ ಹಾಕಬಹುದೋ ಇಲ್ಲವೋ ಎಂದು ತಿಳಿಯಲು ಹೈದರಾಬಾದಿನ ಕಂಪನಿಯೊಂದು ಅಂಗಡಿ, ಗಿರಣಿಗಳನ್ನು ಎಣಿಸುತ್ತಿದೆ. ರಾಯಚೂರು ಮುಗಿಸಿ ದೇವದುರ್ಗಕ್ಕೆ ಹೋದೆ. ಮಷೀನಿನ ಮೇಲೆ ಹಸಿ ವಿಭೂತಿ, ಬಾಡದ ಹೂವು ಕಂಡರೆ ಸಾಕು, ಟ್ಯಾಬಿನಲ್ಲಿ ‘ಚಾಲೂ’ ಎಂದು ಒತ್ತುತ್ತಿದ್ದೆ. ನಿಂತುಹೋದ ಮಷೀನಿಗೂ ನಮ್ಮ ಜನ ಸೋಮವಾರ ತಪ್ಪದೆ ವಿಭೂತಿ ಹಚ್ಚುತ್ತಾರೆ ಎಂಬುದು ಗಿರಣಿ ಮನೆಯಲ್ಲೇ ಹುಟ್ಟಿದ ನನಗೆ ಹೊಳೆಯಬೇಡವೇ! ಕೊನೆಗೆ ಎಣ್ಣೆ ಗಿರಣಿಯ ಅನ್ನಪೂರ್ಣಮ್ಮ ನಕ್ಕುಬಿಟ್ಟರು. “ಯವ್ವಾ, ಇದು ನಿಂತು ಮೂರು ವರ್ಷಾತು. ಪೂಜಿ ಬಿಡಾಕ ಮನಸ್ಸು ಬರವಲ್ದು. ಹಿತ್ತಲಾಗ ಹೋಗಿ ನೋಡು, ಹಿಂಡಿ ಅದ ಏನು?” ಅಂದಿನಿಂದ ಎಲ್ಲಿ ಹೋದರೂ ಮೊದಲು ಹಿತ್ತಲಿಗೆ ಹೋಗಿ, ಹೊಸ ಹಿಂಡಿಯೋ ಹೊಟ್ಟೋ ಬಿದ್ದಿದೆಯೇ ಎಂದು ನೋಡುತ್ತೇನೆ. ಹನ್ನೊಂದು ‘ಚಾಲೂ’ ತಿದ್ದಬೇಕಾಯಿತು, ನಾಚಿಕೆಗೇಡು.

ನಿನ್ನೆ ಕಲ್ಲೂರಿನ ಸರದಿ. ಬೆಳಿಗ್ಗೆ ಏಳಕ್ಕೆ ಹೋದರೆ ನಮ್ಮ ಗಿರಣಿಯ ಸದ್ದು ಹಾದಿಯಲ್ಲೇ ಕೇಳಿಸಿ ಜೀವಕ್ಕೆ ಹಾಯೆನಿಸಿತು. ರೂಢಿಯಂತೆ ಹಿತ್ತಲಿಗೆ ಹೋದೆ. ಹೊಟ್ಟಿನ ರಾಶಿಯ ಮೇಲೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಒಳಗೆ ಬೆಲ್ಟು ಸುಮ್ಮನೆ ತಿರುಗುತ್ತಿತ್ತು, ಭತ್ತದ ಒಂದು ಕಾಳೂ ಇಲ್ಲ. ಮೋಟರಿನ ಪಕ್ಕ ನಿಂತು ಅಪ್ಪ ನಿನ್ನ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಮಾತು ಮುಗಿದ ಕೂಡಲೇ ಮೋಟರು ಆರಿಸಿದ, ತಿರುಗಿ ನನ್ನನ್ನು ಕಂಡ. ಭತ್ತವೆಲ್ಲ ಗದ್ದೆಯಿಂದಲೇ ಲಾರಿ ಹತ್ತಿ ರಾಯಚೂರಿನ ದೊಡ್ಡ ಗಿರಣಿಗಳಿಗೆ ಹೋಗತೊಡಗಿ ಎರಡು ಸುಗ್ಗಿಯಾಯಿತಂತೆ. ಗಿರಣಿಗೆ ರಜೆ ಇರುವ ಹಬ್ಬದ ದಿನ ಮಾತ್ರ ಊರಿಗೆ ಹೋಗುವ ನನಗೆ ಗೊತ್ತಾಗುವುದಾದರೂ ಹೇಗೆ?

“ಚಾಲೂ ಅಂತ ಬರಿಯವ್ವಾ” ಅಂದ ಅಪ್ಪ. ತಿದ್ದಲು ಹೋದಾಗ ಎಷ್ಟೋ ಗಿರಣಿಯವರು ಹೀಗೇ ಅಂದಿದ್ದರು, ಸುಳ್ಳು ಬರೆಯುವಂತಿಲ್ಲ ಎಂದು ಅವರಿಗೆಲ್ಲ ನಾನು ಕಾನೂನು ಹೇಳಿದ್ದೆ. “ಅಂವಗ ಕಾಳಜಿ ಆಗಬಾರದಂತ ದಿನಾ ಸಪ್ಪಳಾ ಕೇಳಿಸಿದೆ. ಕೆಲಸಾ ಬಿಟ್ಟು ಬರ್ತಾನಂತ ನನಗೇನು ಗೊತ್ತು? ಈಗ ಯಾವ ಬಾಯಿಲೇ ಹೇಳ್ಲಿ?” ನನಗೆ ಸಿಟ್ಟೂ ಬಂತು, ಅಳುವೂ ಬಂತು, ಅಣ್ಣಾ. ಅವ್ವ ಆರಾಮಿದ್ದಾಳೆ, ಮೋಟರು ಶುರುವಾದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಶ್ರೀಶೈಲದ ಮಲ್ಲಯ್ಯ ನಿನ್ನ ಬೆನ್ನಿಗಿರಲಿ.

ನಿನ್ನ
ವಿಜಯಶ್ರೀ

ತಾ.ಕ.: ಅಪ್ಪನ ಎದುರಿಗೇ ‘ಮುಚ್ಚಿದೆ’ ಎಂದು ಒತ್ತಿ ಬಂದೆ. ಕೆಲಸ ಬಿಡಬೇಡ, ನಡೆಸಲು ಇಲ್ಲಿ ಗಿರಣಿ ಇಲ್ಲ. ಬಂದರಿನ ಸಾಹೇಬರು ಬಿಡವಲ್ಲರು ಎಂದು ನೀನೇ ಅವನಿಗೆ ಹೇಳಿಬಿಡು. ಇವತ್ತು ಬೆಳಿಗ್ಗೆಯೂ ಮೋಟರು ಹಚ್ಚಿದನಂತೆ, ಅವ್ವ ಹೇಳಿದಳು. ಈ ಪತ್ರ ಮುಟ್ಟಿದ ಮರುದಿನವೂ ಹಚ್ಚಿ ನಿನಗೆ ಫೋನ್ ಮಾಡುತ್ತಾನೆ. ಸಪ್ಪಳ ಚಲೋ ಕೇಳ್ತದಪ್ಪಾ ಅನ್ನು.