ನಡುಮನೆಗೆ ಬಂದ ಜೋಡಿಮಂಚ

ಅವ್ವಾ,

ಬದುಕಿದ್ದಾಗ ನೀನು ನನ್ನ ಕಾಗದಗಳನ್ನು ಮೇಷ್ಟರ ಬಾಯಿಂದ ಓದಿಸಿ ಕೇಳುತ್ತಿದ್ದೆ. ಈಗ ಹೋಗಿರುವ ಊರಿಗೆ ಟಪಾಲೂ ಇಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಯುದ್ಧ ಮುಗಿದು ತನ್ನ ಇಂಗ್ಲೆಂಡ್ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನ ತೇಗದ ಜೋಡಿಮಂಚ ಬೆಂಗಳೂರಿನ ದಂಡಿನಲ್ಲಿ ಹರಾಜಿಗೆ ಬಂದಿತ್ತು. ಮದುವೆಯಾದ ಹೊಸತು, ಮೇಲೆ ಬಿ.ಎ. ಬೇರೆ, ಚಾಪೆ ನನ್ನ ಬೆನ್ನಿಗೆ ಒಗ್ಗೀತೆ? ಕೂಗಿ ಹಿಡಿದೇಬಿಟ್ಟೆ. ಇವತ್ತು ಸಂಜೆ ಅದು ಎತ್ತಿನ ಗಾಡಿಯಲ್ಲಿ ಜಡಿಗೇನಹಳ್ಳಿಗೆ ಬಂತು.

“ನಾಲ್ಕು ಕಾಲೇನೋ ಐತೆ, ಹಾಲೆಷ್ಟು ಕೊಡ್ತದಪ್ಪಾ?” ಅಂದ, ಗಾಡಿ ಹೊಡೆಯುವ ಪಿಳ್ಳಣ್ಣ.

“ಹಾಲು ಕೊಡಲ್ಲ ಪಿಳ್ಳಣ್ಣ, ನಮ್ಮ ಹಾಲನ್ನೇ ಕೇಳ್ತದೆ!” ಅಂದೆ. ಇಂಗ್ಲಿಷಿನಲ್ಲಿ ನಡುಮನೆಗೆ ‘ಹಾಲ್’ ಅನ್ನುತ್ತಾರೆಂದು ಅವನಿಗೆ ತಿಳಿಯದು, ನಾನೊಬ್ಬನೇ ನಕ್ಕೆ.

ಮಾತು ನಿಜವಾಯಿತು. ಕೋಣೆಯ ತುಂಬ ರಾಗಿ ಮೂಟೆ. ಮಂಚ ಹಿಡಿಸಿದ್ದು ನಡುಮನೆಯಲ್ಲಿ ಮಾತ್ರ, ಅದೂ ಅಪ್ಪ ಚಾಪೆ ಹಾಸುವ ಜಾಗದಲ್ಲಿ. ನಿನ್ನ ಸೊಸೆ ಬಾಗಿಲ ಮರೆಯಿಂದ, “ಮಾವನೋರ ಮುಂದೆ ಅದರ ಮೇಲೆ ಕೂರೋಕೂ ನನ್ನಿಂದಾಗಲ್ಲ” ಅಂತ ಪಿಸುಗುಟ್ಟಿದಳು. ಅಪ್ಪನ ಕಿವಿ ಎಷ್ಟು ಚುರುಕು ಅಂತ ನಿನಗೆ ಗೊತ್ತಲ್ಲ.

“ನಂಗೆ ಜಗಲೀಲಿ ಒಳ್ಳೆ ಗಾಳಿ ಬರ್ತದೆ ಕಣಪ್ಪಾ” ಅಂತ ಎದ್ದ. ಮಾಗಿ ಚಳಿಯಲ್ಲಿ ಗಾಳಿ ಬೇಕೆಂದವರನ್ನು ನಾನು ಕಂಡಿರಲಿಲ್ಲ.

ಒಂದು ಕೈಯಲ್ಲಿ ಚಾಪೆ, ಇನ್ನೊಂದರಲ್ಲಿ ಕಂಬಳಿ. ಬಾಗಿಲು ತೆಗೆಯಲು ಅಪ್ಪನಿಗೆ ಕೈ ಬಿಡುವಿರಲಿಲ್ಲ, ಅವ್ವಾ. ನಾನೇ ತೆಗೆದುಕೊಟ್ಟೆ.