ನಿಮ್ಮ ‘ನಿರ್ಜೀವ ಕೆಸರಿ’ನಲ್ಲಿ ಸಿಕ್ಕಿಬಿದ್ದ ನನ್ನ ಅಕ್ಕ

ಕೊಲ್ಲಿ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಮಾನ್ಯರೇ,

ನಮ್ಮ ಕೊಲ್ಲಿಯ ಉತ್ತರ ದಂಡೆಯನ್ನು ತಮ್ಮ ವರದಿ ‘ಗಮನಾರ್ಹ ಜೀವಸಂಕುಲವಿಲ್ಲದ ನಿರ್ಜೀವ ಕೆಸರು ಪ್ರದೇಶ’ ಎಂದು ಘೋಷಿಸಿದೆ. ಆ ಒಂದು ವಾಕ್ಯದ ಬಲದ ಮೇಲೆ ತಾವು ಅಲ್ಲಿ ಕಲ್ಲಿನ ಒಡ್ಡು ಹಾಕಿಸಿದಿರಿ, ಅದರ ಮೇಲೆ ವಾಯುವಿಹಾರದ ಹಾದಿ ಮಾಡಿಸಿದಿರಿ. ಕಳೆದ ತಿಂಗಳು ಅದೇ ಕೆಸರಿನಲ್ಲಿ ನನ್ನ ಅಕ್ಕ ಎದೆಮಟ್ಟ ಹೂತುಕೊಂಡು ಒಂದೂಕಾಲು ಗಂಟೆ ನಿಂತಿದ್ದಳು. ತಮ್ಮ ಕಚೇರಿಗೆ ಐದು ಪತ್ರ ಬರೆದೆ. ಬಂದದ್ದು ಒಂದೇ ಉತ್ತರ. ಅದನ್ನು ಓದಿದ ಮೇಲೆ, ಇನ್ನು ಊರಿನವರೆಲ್ಲ ಓದಲಿ ಎಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಉಬ್ಬರ-ಇಳಿತದ ಮಟ್ಟ ದಾಖಲಿಸಿದ ಗುಮಾಸ್ತ. ಕಿಟಕಿಯಾಚೆ ಅಳತೆಯ ಕಂಬ, ಮೇಜಿನ ಮೇಲೆ ರಿಜಿಸ್ಟರು. ನನ್ನ ನೌಕರಿ ಅಷ್ಟೇ. ನೀರು ಇಳಿದಾಗ ಕಾಣುತ್ತಿದ್ದುದಕ್ಕೆ ಮಾತ್ರ ರಿಜಿಸ್ಟರಿನಲ್ಲಿ ಕಾಲಮ್ಮು ಇರಲಿಲ್ಲ: ಕಡಲಹುಲ್ಲಿನ ನಡುವೆ ಮರಿಮೀನುಗಳು, ಒಂದೇ ಕೈ ದೊಡ್ಡದಿರುವ ಏಡಿಗಳು, ಚಳಿಗಾಲಕ್ಕೆ ಎಲ್ಲಿಂದಲೋ ಹಾರಿಬಂದು ಬಾಗಿದ ಉದ್ದ ಕೊಕ್ಕನ್ನು ಕೆಸರಿಗಿಳಿಸುವ ಕಂದು ಹಕ್ಕಿಗಳು. ಅವುಗಳ ಜೊತೆಗೇ ಬಗ್ಗಿಕೊಂಡು, ಬೆರಳಲ್ಲೇ ತಡಕಿ ಕಪ್ಪೆಚಿಪ್ಪು ಹೆಕ್ಕುತ್ತಿದ್ದ ಅಕ್ಕ. ನಲವತ್ತು ವರ್ಷ ಅವಳು ಮಾಡಿದ್ದು ಅದೇ ಕೆಲಸ. ಅದರಲ್ಲೇ ನನ್ನನ್ನು ಓದಿಸಿದಳು.

ತಮ್ಮ ಸಮೀಕ್ಷಾ ತಂಡ ಬಂದ ದಿನ ನಾನೂ ಅಲ್ಲಿದ್ದೆ. ಇಬ್ಬರು ಮಹನೀಯರು, ಒಂದು ಕ್ಯಾಮೆರಾ, ತುಂಬು ಉಬ್ಬರ. ದಡದಲ್ಲಿ ನಿಂತು ನೀರು ನೋಡಿದರು. ಅಕ್ಕ ತಡೆಯಲಾರದೆ ಹೇಳಿದಳು: “ಈಗ ಏನ್ ಕಾಣುತ್ತೆ ಸಾರ್? ನಾಲ್ಕು ಗಂಟೆಗೆ ನೀರಿಳಿಯುತ್ತೆ, ಆಗ ಬನ್ನಿ. ಕಾಲಿಡೋಕೂ ಜಾಗ ಇರಲ್ಲ, ಅಷ್ಟಿರುತ್ತೆ.”

“ನಮಗೆ ಮೂರಕ್ಕೆ ಮೀಟಿಂಗ್ ಇದೆಯಮ್ಮಾ,” ಎಂದರು ಒಬ್ಬರು.

ಸಮುದ್ರ ತಮ್ಮ ಮೀಟಿಂಗಿಗೆ ಹೊಂದಿಕೊಳ್ಳಲಿಲ್ಲ. ಆದ್ದರಿಂದ ಕೊಲ್ಲಿಯಲ್ಲಿ ಜೀವವೇ ಇಲ್ಲ ಎಂದಾಯಿತು. ಮುಚ್ಚಿದ ಬಾಗಿಲು ನೋಡಿ, ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಬರೆದುಕೊಂಡು ಹೋಗುವ ಜನಗಣತಿ ಎಲ್ಲಾದರೂ ಉಂಟೇ?

ತಪ್ಪು ತಮ್ಮದೊಂದೇ ಎನ್ನಲಾರೆ. ಆ ಹಾದಿ ಬೇಕೆಂಬ ಮನವಿಗೆ ನಾನೂ ಸಹಿ ಹಾಕಿದ್ದೆ. ಮಂಡಿನೋವಿನವನಿಗೆ ಸಮತಟ್ಟಾದ ದಾರಿ ಬೇಡವೇ? “ಕಲ್ಲು ಹಾಕಿದ್ರೆ ನೀರು ಆಡೋದು ಹೇಗೋ?” ಎಂದು ಅಕ್ಕ ಕೇಳಿದಾಗ, “ನೀರು ಹಾಯೋಕೆ ನಕ್ಷೆಯಲ್ಲಿ ಎರಡು ಮೋರಿ ಇವೆ, ಸುಮ್ನಿರಕ್ಕ,” ಎಂದು ಬಾಯಿ ಮುಚ್ಚಿಸಿದ್ದೆ. ನಕ್ಷೆಯಲ್ಲಿ ಇದ್ದವು. ಒಡ್ಡಿನಲ್ಲಿ ಇಲ್ಲ. ಎಲ್ಲಿ ಹೋದವು, ಮಾನ್ಯರೇ?

ಒಡ್ಡಿನ ತುದಿಯನ್ನು ಬಳಸಿಬಂದು ನೀರು ಏರಿಳಿಯುತ್ತಿತ್ತು, ಅದರ ಸೆಳೆತ ಮಾತ್ರ ಸತ್ತಿತು. ಹರಿವು ಗುಡಿಸಿಕೊಂಡು ಹೋಗುತ್ತಿದ್ದ ಹೂಳು ಗಟ್ಟಿ ಮರಳಿನ ಮೇಲೆಯೇ ಕುಳಿತು ಅಂಟಿನಂತಾಯಿತು. ಊರ ಚರಂಡಿಯ ಕೊಳಕು ನಿಂತು ಹುಲ್ಲು ಕೊಳೆಯಿತು. ಬೇಸಿಗೆಯ ಒಂದು ಬೆಳಿಗ್ಗೆ ನೋಡಿದರೆ ಕಪ್ಪೆಚಿಪ್ಪುಗಳು ರಾಶಿರಾಶಿಯಾಗಿ ಬಾಯಿ ಬಿಟ್ಟುಕೊಂಡು ಸತ್ತಿದ್ದವು. ಬದುಕಿದವು ಆಚೆ ಮೂಲೆಯಲ್ಲಿ ಒಂದಿಷ್ಟು. ಅಲ್ಲಿಗೆ ಹೋಗಲು ಅಕ್ಕ ತನ್ನ ಕಾಲಿಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಹತ್ತು ಹೆಜ್ಜೆಗೆ ಮೊಣಕಾಲು, ಇನ್ನೆರಡು ಹೆಜ್ಜೆಗೆ ಸೊಂಟ. ಒದ್ದಾಡಿದಷ್ಟೂ ಇಳಿದಳು, ಎದೆಯವರೆಗೆ.

ಹಾದಿಯಲ್ಲಿ ನಡೆಯುತ್ತಿದ್ದವರು ಕೂಗು ಕೇಳಿ ನನಗೆ ಹೇಳಿಕಳಿಸಿದರು. ಹಾದಿಯ ಎದುರಿಗೇ ಅಂಗಡಿಯಿರುವ ಬಡಗಿ, ಯಾರದೋ ಮನೆಗೆಂದು ಮಾಡಿಟ್ಟಿದ್ದ ಬಾಗಿಲನ್ನೇ ಹೊತ್ತುತಂದು ಕೆಸರಿನ ಮೇಲೆ ಹಾಸಿ, ಹೊಟ್ಟೆಯ ಮೇಲೆ ತೆವಳಿಹೋದ. ನಾನು ತಲುಪುವಷ್ಟರಲ್ಲಿ ಉಬ್ಬರ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ನೀರು ಎಷ್ಟು ಹೊತ್ತಿಗೆ ಅವಳ ಬಾಯಿ ಮುಟ್ಟುತ್ತದೆ ಎಂದು ಈ ಊರಿನಲ್ಲಿ ಎಲ್ಲರಿಗಿಂತ ಕರಾರುವಾಕ್ಕಾಗಿ ಬಲ್ಲವನು ನಾನು. ಇನ್ನು ಇಪ್ಪತ್ತೆರಡು ನಿಮಿಷ. ಅಂಥ ಲೆಕ್ಕವನ್ನು ಯಾವ ತಮ್ಮನೂ ಹಾಕಬಾರದು.

“ಬುಟ್ಟಿ ಬಿಡಕ್ಕಾ, ಬಾಗಿಲು ಹಿಡ್ಕೋ!” ಎಂದು ಕಿರುಚಿದೆ.

“ಅರ್ಧ ತುಂಬಿದೆ ಕಣೋ,” ಎಂದಳು.

ಬೈದು ಬಿಡಿಸಿದೆ. ಬಡಗಿ, ನಾನು ಸೇರಿ ಎಳೆದು ಹೊರತೆಗೆದಾಗ ಒಂಬತ್ತು ನಿಮಿಷ ಉಳಿದಿತ್ತು.

ಇದಕ್ಕೆ ತಮ್ಮ ಕಚೇರಿಯ ಉತ್ತರ: ‘ಸದರಿ ಪ್ರದೇಶವು ನಿರ್ಜೀವವೆಂದು ಈಗಾಗಲೇ ದೃಢಪಟ್ಟಿರುವುದರಿಂದ, ಅಲ್ಲಿ ಜೀವನೋಪಾಯ ಕಳೆದುಕೊಂಡ ಪ್ರಶ್ನೆ ಉದ್ಭವಿಸುವುದಿಲ್ಲ.’ ಓದಿ ಹೇಳಿದೆ. ಅಕ್ಕ, “ಹಾಗಾದ್ರೆ ನಲವತ್ತು ವರ್ಷ ನಾನೇನು ಮಣ್ಣು ತಿಂದ್ನಾ?” ಎಂದಳು. ಈ ಪ್ರಶ್ನೆಯಾದರೂ ಉದ್ಭವಿಸುತ್ತದೆಯೇ?

ಅವಳೀಗ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಾಳೆ. ಕೆಸರಿಗಿಳಿಯಲು ಕಾಲು ಬರುವುದಿಲ್ಲವಂತೆ. ಅವಳ ಬದುಕನ್ನು ಹಿಂದಿರುಗಿಸಿ ಎಂದು ಕೇಳುವಷ್ಟು ದಡ್ಡ ನಾನಲ್ಲ. ನಾನು ಕೇಳುವುದು ಎರಡು ತೂತು. ನಕ್ಷೆಯಲ್ಲಿರುವ ಎರಡೂ ಮೋರಿಗಳನ್ನು ಮಳೆಗಾಲಕ್ಕೆ ಮೊದಲು ಒಡ್ಡಿನಲ್ಲಿ ತೆರೆಯಿಸಿ. ಹೊರಗಡಲಿನ ನೀರು ನೇರವಾಗಿ ಒಳಹರಿದರೆ ಅದರೊಂದಿಗೆ ಚಿಪ್ಪಿನ ಮರಿಗಳೂ ಬಂದಾವು. ಕೆಲಸ ಆರಂಭವಾಗುವ ದಿನಾಂಕವನ್ನು ಬರೆದು ತಿಳಿಸಿ. ‘ಪರಿಶೀಲನೆಯಲ್ಲಿದೆ’ ಎಂದು ಮಾತ್ರ ಬರೆಯಬೇಡಿ. ಅದನ್ನು ಅಕ್ಕನಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಇಂತಿ,
ಬುದ್ಧಿ ತಡವಾಗಿ ಬಂದ
ಒಬ್ಬ ತಮ್ಮ