ಬಿಸಿಲು ತೋರಿಸಿದ ರಾಗಿ

ಕಾಮಸಮುದ್ರ
೨೧-೯-೨೦೨೫

ಮಗಳು ಸಹನಳಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ, ಹಸುವೂ ಚೆನ್ನಾಗಿದ್ದೇವೆ. ಉಪ್ಪಿನ ನೆಲದಲ್ಲೂ ಬೇರನ್ನು ಕಾಪಾಡುತ್ತದೆಂದು ನಿನ್ನ ಲ್ಯಾಬಿನಿಂದ ಕಳಿಸಿದ ಬ್ಯಾಕ್ಟೀರಿಯಾ ಪುಡಿ ಏನಾಯಿತೆಂದು ಕೇಳುತ್ತಲೇ ಇದ್ದೀಯ. ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಮ್ಮ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾಳೆ. ಅವಳು ಡೇರಿಗೆ ಹೋಗಿರುವಾಗ ಬರೆಯುತ್ತಿದ್ದೇನೆ.

ಚೌಳು ಹೊಲದ ರಾಗಿ ಏಳಲಿಲ್ಲ. ಮೊಳಕೆ ಬಂತು, ತುದಿ ಸುಟ್ಟಿತು, ಆಮೇಲೆ ಮೊದಲಿನ ಹಾಗೇ ಬಿಳಿ ನೆಲ. ಇದೊಂದು ಬೆಳೆ ನೋಡಿ, ಬರದಿದ್ದರೆ ಮಣ್ಣನ್ನು ಇಟ್ಟಿಗೆ ಗೂಡಿನ ಬಾಲಾಜಿಗೆ ಕೊಡುವುದೆಂದು ಮಾತಾಗಿತ್ತಲ್ಲ. ಗುರುವಾರ ಜೆಸಿಬಿ ಬರುತ್ತದೆ. ನಿಮ್ಮಮ್ಮನಿಗೆ ಅವಳಪ್ಪ ಮದುವೆಯಲ್ಲಿ ಕೊಟ್ಟ ಹೊಲ ಅದು. ಬೋರ್‌ವೆಲ್ಲಿನ ಉಪ್ಪು ನೀರು ಹಾಯಿಸಿ ಹಾಯಿಸಿ ನಾವೇ ಕೆಡಿಸಿದೆವು.

ಆದರೆ ನಿನ್ನ ಕೆಲಸ ಸುಳ್ಳಾಯಿತೆಂದು ತಿಳಿಯಬೇಡ. ನೀನು ಹೇಳಿದಂತೆ ಬೆಲ್ಲದ ಗಂಜಿ ಆರಿಸಿ, ಪುಡಿ ಕಲಸಿ, ಬೀಜಕ್ಕೆ ಸವರಿ, ಜಗುಲಿಯ ನೆರಳಲ್ಲಿ ಗೋಣಿಚೀಲದ ಮೇಲೆ ಹರವಿದೆ. ನಾನು ಹಾಲು ಹಾಕಿ ಬರುವಷ್ಟರಲ್ಲಿ ನಿಮ್ಮಮ್ಮ ಅಷ್ಟನ್ನೂ ಬಂಡೆಯ ಮೇಲೆ ಬಿಸಿಲಿಗೆ ಹಾಕಿ, ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು.

"ಬಿತ್ನೆ ಬೀಜಕ್ಕೆ ಸೂರ್ಯನ್ನ ತೋರಿಸ್ದೆ ಯಾರಾನ ಬಿತ್ತಾರಾ? ನಮ್ಮಪ್ಪ ಒಂದ್ವರ್ಸಾನೂ ತಪ್ಪಿಸ್ತಿರ್ಲಿಲ್ಲ" ಎಂದಳು.

ಪ್ರತಿ ವರ್ಷದ ರೂಢಿ, ನನಗೇ ಹೊಳೆಯಬೇಕಿತ್ತು. ಬೀಜ ಮುಟ್ಟಿದರೆ ಕೈ ಸುಡುತ್ತಿತ್ತು. ನಿನ್ನ ಜೀವಾಣುಗಳು ಅಲ್ಲೇ ಸತ್ತಿರಬೇಕು. ಅಷ್ಟು ಭಕ್ತಿಯಿಂದ ನಿಂತವಳಿಗೆ ಏನು ಹೇಳಲಿ? ಪಕ್ಕದ ಹೊಲದ ಕಾಂತರಾಜ ಟ್ರ್ಯಾಕ್ಟರ್ ತಂದು ಕಾಯುತ್ತಿದ್ದ, ಬಿತ್ತಿದೆವು.

ಪೈರು ಒಣಗಿದ ದಿನ ಅವಳು ಬದುವಿನ ಮೇಲೆ ಕೂತು, "ಪಾಪ, ಮಗಳು ಕಷ್ಟಪಟ್ಟು ಕಳ್ಸಿದ್ಳು. ನಮ್ಮಪ್ಪನ ನೆಲದ ಅಣೇಬರ, ಏನ್ ಮಾಡೋಕಾಯ್ತದೆ? ಕೊಟ್ಬುಡಿ" ಎಂದಳು. ಆಮೇಲೆ ಆ ಕಡೆ ಕಾಲಿಟ್ಟಿಲ್ಲ. ಕೆಡಿಸಿದ್ದು ತನ್ನ ಕೈಯೇ ಎಂದು ಗೊತ್ತಾದರೆ ಅವಳು ತಡೆಯಲಾರಳು. ಹಣೆಬರಹ ಅಂದುಕೊಂಡರೆ ಉಣ್ಣುತ್ತಾಳೆ, ಮಲಗುತ್ತಾಳೆ. ನೀನೂ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬ್ಯಾಕ್ಟೀರಿಯಾಕ್ಕೆ ಬೆಲ್ಲ ಹಾಕಿ ಸಾಕುವವಳು ನೀನು ಉಪವಾಸ ಇರಬೇಡ. ನಿನ್ನ ಕೈಗುಣ ಯಾವುದಾದರೂ ನೆಲಕ್ಕೆ ದಕ್ಕಲಿ, ನೂರು ಕಾಲ ಬಾಳು.

ಇಂತಿ,
ನಿಮ್ಮಪ್ಪ
ಕದಿರಪ್ಪ

ತಾ.ಕ.: ಅವತ್ತು ಪಾತ್ರೆಯ ತಳದಲ್ಲಿ ಉಳಿದ ಗಂಜಿಗೆ ಇನ್ನೆರಡು ಹಿಡಿ ಬೀಜ ಕಲಸಿ, ನೆರಳಲ್ಲೇ ಒಣಗಿಸಿ, ಹೊಲದ ಆಚೆ ಮೂಲೆಗೆ ಎರಚಿದ್ದೆ. ಅಷ್ಟು ಜಾಗದಲ್ಲಿ ಮಾತ್ರ ರಾಗಿ ಮೊಣಕಾಲುದ್ದ ಎದ್ದಿತ್ತು, ಕಡುಹಸಿರು. ಗುರುವಾರ ಜೆಸಿಬಿ ಹಿಂದೆ ನಿಮ್ಮಮ್ಮ ಬಂದೇ ಬರುತ್ತಾಳೆ, ಕಂಡರೆ ಯಾಕೆಂದು ಕೇಳದೆ ಬಿಡುವವಳಲ್ಲ. ನಿನ್ನೆ ಅಷ್ಟನ್ನೂ ಕೊಯ್ದು ತಂದು ಹಸುವಿಗೆ ಹಾಕಿದೆ. ಎಲ್ಲಿಯ ಮೇವು ಅಂದಳು. ಕಾಂತರಾಜನ ಹೊಲದ್ದು ಅಂದೆ. ಒಂದು ಗರಿಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ಪುಣ್ಯವಂತ. ಎಂಥಾ ನೆಲ ನೋಡಿ ಅವಂದು" ಎಂದಳು.